ಅರ್ಥಮಾಡಿಕೊಳ್ಳುವುದೆಂದರೆ ಸಮರ್ಥಿಸುವುದೇ?



2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಅಡಾಲಸೆನ್ಸ್’ ಎಂಬ ಬ್ರಿಟಿಷ್ ಧಾರಾವಾಹಿಯನ್ನು ನಮ್ಮ ಯುವಜನರಲ್ಲಿ ಕೆಲವರು ನೋಡಿರಬಹುದು. ಅದು ನಾಲ್ಕೇ ಕಂತುಗಳ ಕಥೆ. ಸಹಪಾಠಿ ಕೇಟಿಯ ಕೊಲೆಯ ಆರೋಪದ ಮೇಲೆ 13 ವರ್ಷದ ಜೇಮಿ ಮಿಲ್ಲರ್‌ನನ್ನು ಪೊಲೀಸರು ಬಂಧಿಸುತ್ತಾರೆ. ಕೊಂದವನು ಅವನೇ ಎಂಬುದು ಮೊದಲ ಕಂತಿನಲ್ಲೇ ತಿಳಿಯುತ್ತದೆ. ಉಳಿಯುವ ಪ್ರಶ್ನೆ, ‘ಏಕೆ?’

ಜೇಮಿಯಾಗಿ ನಟಿಸಿದವನು ವಾರಿಂಗ್ಟನ್ ಊರಿನ ಹುಡುಗ ಓವೆನ್ ಕೂಪರ್. ಕ್ಯಾಮೆರಾ ಮುಂದೆ ಅದು ಅವನ ಮೊದಲ ಪಾತ್ರ. ಪ್ರತಿ ಕಂತನ್ನೂ ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿದ್ದರಿಂದ ದಿನಗಟ್ಟಲೆ ತಾಲೀಮು ಬೇಕಾಯಿತು. ಮೊದಲು ಚಿತ್ರೀಕರಿಸಿದ್ದೇ ಅತ್ಯಂತ ಕಠಿಣವಾದ ಮೂರನೆಯ ಕಂತನ್ನು. ಅದರಲ್ಲಿ ಹೆಚ್ಚಿನ ಹೊತ್ತು ಒಂದೇ ಕೋಣೆ, ಜೇಮಿ ಮತ್ತು ಅವನ ಮನಸ್ಸನ್ನು ಅರಿಯಲು ಬಂದ ಮನಶ್ಶಾಸ್ತ್ರಜ್ಞೆ. ಹುಡುಗ ನಗುತ್ತಾನೆ, ಅಬ್ಬರಿಸುತ್ತಾನೆ, ಕೊನೆಗೆ ‘ನಾನು ನಿಮಗೆ ಇಷ್ಟವೇ’ ಎಂದು ಅಂಗಲಾಚುತ್ತಾನೆ. ಈ ಪಾತ್ರಕ್ಕಾಗಿ ಓವೆನ್ 15ನೇ ವಯಸ್ಸಿನಲ್ಲೇ ಎಮಿ ಪ್ರಶಸ್ತಿ ಪಡೆದ.

ಕೊಲೆ ಮಾಡಿದವನ ಮನಸ್ಸನ್ನು ಒಬ್ಬ ಬಾಲಕ ತನ್ನೊಳಗೆ ತಂದುಕೊಳ್ಳುವುದು ಸರಿಯೇ ಎಂದು ಹಿರಿಯರು ಕೇಳಬಹುದು. ಅದರ ಹಿಂದೆ ನಮ್ಮೆಲ್ಲರ ಪ್ರಶ್ನೆಯೊಂದಿದೆ: ತಪ್ಪು ಮಾಡಿದವನನ್ನು ಅರ್ಥಮಾಡಿಕೊಂಡರೆ ತಪ್ಪು ಹಗುರವಾಗುವುದಿಲ್ಲವೇ?

ನಟ ತನ್ನ ಪಾತ್ರವನ್ನು ಹೊರಗೆ ನಿಂತು ಖಂಡಿಸುತ್ತಾ ಅಭಿನಯಿಸಲಾರ. ಈ ಮಾತು ಇವನಿಗೆ ಏಕೆ ಚುಚ್ಚಿತು, ಇಲ್ಲಿ ಏಕೆ ಸಿಟ್ಟು ಬಂತು ಎಂದು ಒಳಗಿನಿಂದಲೇ ಹುಡುಕಬೇಕು. ಆದರೆ ಅದಕ್ಕಾಗಿ ಕೊಲೆ ಸರಿ ಎಂದು ಅವನು ಒಪ್ಪಬೇಕಾಗಿಲ್ಲ. ಚಿತ್ರೀಕರಣದ ನಡುವೆ ಒಮ್ಮೆ ಓವೆನ್ ನಿಜವಾಗಿಯೇ ಆಕಳಿಸಿದನಂತೆ. ಎದುರಿಗಿದ್ದ ನಟಿ ಎರಿನ್ ಡೊಹರ್ಟಿ ಅದನ್ನು ಬಿಟ್ಟುಬಿಡದೆ, ನನ್ನಿಂದ ನಿನಗೆ ಬೇಸರವಾಗುತ್ತಿದೆಯೇ ಎಂದು ಕೇಳಿದರು. ಬರೆದಿಟ್ಟಿರದ ಆ ಮಾತು ಧಾರಾವಾಹಿಯಲ್ಲಿ ಹಾಗೆಯೇ ಉಳಿಯಿತು. ಕಲಿತ ಮಾತನ್ನು ಒಪ್ಪಿಸುವುದಷ್ಟೇ ಸಾಲದು, ಎದುರಿಗಿರುವವರನ್ನು ಆ ಕ್ಷಣದಲ್ಲಿ ಗಮನಿಸುತ್ತಿರಬೇಕು.

ಇಲ್ಲೊಂದು ಅಪಾಯವೂ ಇದೆ. ಎಲ್ಲರೂ ನೆನಪಿಡುವುದು ಜೇಮಿಯನ್ನು, ಕೇಟಿಯನ್ನಲ್ಲ ಎಂದು ಎರಡನೆಯ ಕಂತಿನಲ್ಲಿ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ನೊಂದು ಹೇಳುತ್ತಾರೆ. ಆ ಮಾತು ನ್ಯಾಯವಾದದ್ದು. ನೋಯಿಸಿದವನಿಗೆ ಕಿವಿಗೊಡುವ ಭರದಲ್ಲಿ ನೊಂದವರನ್ನು ಮರೆತರೆ ಅದು ಕರುಣೆಯಲ್ಲ.

ಎಮ್ಮಾವು ದಾರಿಯಲ್ಲಿ ಯೇಸುಸ್ವಾಮಿ ಏನು ಮಾಡಿದರು? ಜೆರುಸಲೇಮನ್ನು ಬಿಟ್ಟು ಹೊರಟಿದ್ದ ಶಿಷ್ಯರಿಬ್ಬರ ಜೊತೆ ತಾವೂ ನಡೆದರು. ಎಲ್ಲವನ್ನೂ ಬಲ್ಲವರಾದರೂ ಏನಾಯಿತೆಂದು ಕೇಳಿ, ಅವರ ದುಃಖವನ್ನು ಪೂರ್ತಿ ಹೇಳಿಸಿಕೊಂಡರು. ಆಮೇಲೆ ಅವರ ಮಂದಮತಿಯನ್ನು ಖಂಡಿಸಿದರು. ಖಂಡಿಸಿದ ಮೇಲೂ ಅವರ ಜೊತೆಯಲ್ಲೇ ಉಳಿದರು. ಪೋಪ್ ಫ್ರಾನ್ಸಿಸ್‌ರವರು ಯುವಜನರಿಗಾಗಿ 2019ರಲ್ಲಿ ಬರೆದ ‘ಕ್ರಿಸ್ತುಸ್ ವಿವಿತ್’ ಪ್ರಬೋಧನೆಯಲ್ಲಿ ಯುವಜನರ ಜೊತೆ ನಡೆಯುವುದಕ್ಕೆ ಈ ಪ್ರಸಂಗವನ್ನೇ ಮಾದರಿಯಾಗಿ ತೋರಿಸಿದ್ದಾರೆ. ಪಾಪನಿವೇದನೆಯಲ್ಲೂ ಹೀಗೆಯೇ. ಗುರುಗಳು ಕೇಳುತ್ತಾರೆ, ಆದರೆ ಪಾಪವನ್ನು ಪಾಪವಲ್ಲ ಎನ್ನುವುದಿಲ್ಲ.

ನಟನಿಗೆ ‘ಕಟ್’ ಎನ್ನುವವರು ಇರುತ್ತಾರೆ. ಪಾತ್ರ ಕಳಚಿ ಮನೆಗೆ ಹೋಗಬಹುದು. ನಿಜವಾಗಿ ಒಂಟಿಯಾದ ಮಗುವಿಗೆ ಆ ಅನುಕೂಲವಿಲ್ಲ. ಮಗ ತನ್ನ ಕೋಣೆಯಲ್ಲೇ ಇದ್ದಾನೆ, ಸುರಕ್ಷಿತನಾಗಿದ್ದಾನೆ ಎಂದೇ ಜೇಮಿಯ ತಂದೆತಾಯಿ ನಂಬಿದ್ದರು. ಮನಶ್ಶಾಸ್ತ್ರಜ್ಞೆ ಅವನೆದುರು ಕುಳಿತದ್ದು ಎಲ್ಲ ಮುಗಿದ ಮೇಲೆ.

ನಮ್ಮ ಮಕ್ಕಳಿಗೆ ಶಾಲೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷ್. ಅವಮಾನವಾದದ್ದು ಒಂದು ಭಾಷೆಯಲ್ಲಿ, ಅಮ್ಮನಿಗೆ ಹೇಳಬೇಕಾದದ್ದು ಇನ್ನೊಂದರಲ್ಲಿ. ಹೇಳಲು ಮಾತು ಸಿಗದೆ ಎಷ್ಟೋ ಮಕ್ಕಳು ಸುಮ್ಮನಾಗುತ್ತಾರೆ. ಆ ಮೌನವನ್ನು ನಾವು ‘ಒಳ್ಳೆಯ ಹುಡುಗ, ತಂಟೆಯಿಲ್ಲ’ ಎಂದು ಹೊಗಳುತ್ತೇವೆ.

ಒಬ್ಬ ನಟ ಕಲ್ಪನೆಯ ಹುಡುಗನಿಗಾಗಿ ಅಷ್ಟು ದಿನ ಶ್ರಮಪಟ್ಟಾನಾದರೆ, ನಮ್ಮ ನಡುವಿನ ನಿಜವಾದ ಹುಡುಗನಿಗಾಗಿ ನಾವು ಅರ್ಧ ಗಂಟೆಯಾದರೂ ಕೊಡಬಹುದು. ಮುಂದಿನ ಭಾನುವಾರ ಬಲಿಪೂಜೆಯ ನಂತರ ಗುಂಪಿನಿಂದ ದೂರ ನಿಂತಿರುವವರ ಬಳಿ ಹೋಗೋಣ. ಬುದ್ಧಿವಾದ ಆಮೇಲಿರಲಿ, ಅವರು ಯಾವ ಭಾಷೆಯಲ್ಲಿ ಹೇಳಿದರೂ ಮೊದಲು ಕೇಳಿಸಿಕೊಳ್ಳೋಣ.