ನೀರಿಗೆ ಬರಬೇಕಾದವರು ಯಾರು?

"ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?" ರೋಣದ ಕಡೆ ಈ ಗಾದೆ ಹೇಳುವವರ ಧಾಟಿ ಕೇಳಬೇಕು. ಸ್ವಾಗತಕ್ಕಿಂತ ಸವಾಲೇ ಹೆಚ್ಚು. ಇವತ್ತಲ್ಲ ನಾಳೆ ಕೈಗೆ ಸಿಕ್ಕೇ ಸಿಗುತ್ತಾಳೆ, ಆಗ ನೋಡಿಕೊಂಡರಾಯಿತು ಎಂಬ ಗತ್ತು. ಹೊಸ ಸೊಸೆಯ ಮೇಲಿನ ಈ ಮಾತು ವರ್ಗವಾಗಿ ಬಂದ ಮಾಸ್ತರರಿಗೂ, ಸಾಲ ಮಾಡಿ ತಲೆ ಮರೆಸಿಕೊಂಡವನಿಗೂ ಸಲ್ಲುತ್ತದೆ.

ಗಾದೆ ಸುಳ್ಳೇನಲ್ಲ. ಈ ಎರೆ ಸೀಮೆಯಲ್ಲಿ ಬಾವಿಯ ನೀರು ಎಷ್ಟೋ ಕಡೆ ಸವುಳು. ಕುಡಿಯಲು ಕೆರೆಗೇ ಹೋಗಬೇಕಿತ್ತು. ಮಲೆನಾಡಿನಿಂದ ಬಂದ ಸೊಸೆ ಸೆರಗು ಹೊದೆಯುವ ರೀತಿ, ಅವಳ ಮಾತಿನ ರಾಗ ಎಲ್ಲದರ ತಪಾಸಣೆ ಅಲ್ಲೇ. ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ಎಂಬುದೂ ಅಲ್ಲೇ ತೀರ್ಮಾನ. ಅದೇ ಹೊತ್ತಿಗೆ ಅವಳೂ ಊರನ್ನು ಅಳೆಯುತ್ತಿದ್ದಳು. ಅದನ್ನು ಗಾದೆ ಹೇಳುವುದಿಲ್ಲ. ಕೆರೆಯ ಮೆಟ್ಟಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನಂತೂ ಹೇಳುವುದೇ ಇಲ್ಲ. ಹುಟ್ಟಿದ ಊರಿನಲ್ಲೇ ನೀರಿಗೆ ಇಳಿಯಲಾಗದೆ, ಯಾರಾದರೂ ಮೇಲಿನಿಂದ ಸುರಿಯಲೆಂದು ಕೊಡ ಹಿಡಿದು ಕಾದವರ ಎದುರು ಈ ಮಾತು ಆಡುವ ಹಾಗಿಲ್ಲ.

ದೊರೆಗಳಿಗೂ ಇದು ಸಲ್ಲದು. ನರಗುಂದದ ಭಾವೆ, ಗಜೇಂದ್ರಗಡದ ಘೋರ್ಪಡೆ, ಎರಡೂ ಮರಾಠಿ ಮನೆತನಗಳು. ಅವರು ಕೆರೆಗೆ ಬರಲಿಲ್ಲ, ಊರೇ ಅವರ ವಾಡೆಗೆ ಹೋಯಿತು. ಆ ಆಳ್ವಿಕೆ, ಮುಂದೆ ಮುಂಬಯಿ ಪ್ರಾಂತದ ದಿನಗಳು ಮುಗಿದರೂ ಪಗಾರ, ಖಾನಾವಳಿ ಇಲ್ಲಿನ ಕನ್ನಡದಲ್ಲಿ ಉಳಿದುಕೊಂಡವು. ಬಲವಿದ್ದವನು ಬಂದರೆ ಹೊಂದಿಕೊಳ್ಳುವ ಕೆಲಸ ಊರಿನದು. ಬಲವಿಲ್ಲದವಳು ಬಂದರೆ ಅವಳದು. ಇಷ್ಟಾದರೂ 1858ರಲ್ಲಿ ಬ್ರಿಟಿಷರ ಮೇಲೆ ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ ಬಾಬಾಸಾಹೇಬ ಭಾವೆಯನ್ನು ನರಗುಂದ ತನ್ನವನೆಂದೇ ನೆನೆಯುತ್ತದೆ.

ಗಜೇಂದ್ರಗಡದ ನೇಕಾರರಲ್ಲಿ ಪಟ್ಟೇಗಾರರ ಕತೆ ನನಗೆ ಹೆಚ್ಚು ಇಷ್ಟ. ಮನೆಯೊಳಗೆ ತಮ್ಮದೇ ಭಾಷೆ, ಪೇಟೆಯಲ್ಲಿ ಕನ್ನಡ, ಯಾವುದನ್ನೂ ಬಿಡಲಿಲ್ಲ. ಅವರ ಅಡುಗೆಯೇ ಸಾವಜಿ. ಮನೆಯಲ್ಲಿ ಮಾಂಸ ಬೇಯಿಸದವರ ಮಕ್ಕಳೂ ಇಂದು ಸಾವಜಿ ಖಾನಾವಳಿಯಲ್ಲಿ ಮೂಗು ಒರೆಸಿಕೊಳ್ಳುತ್ತ ಕೆಂಪು ಸಾರು ಸುರಿಯುತ್ತಾರೆ. ಇಲ್ಲಿ ನೀರಿಗೆ ಬಂದದ್ದು ಊರೇ. ಅದೂ ಹೆಚ್ಚಿಗೆ ನೀರು ಬೇಕಾಗುವ ಊಟಕ್ಕೆ!

ಇನ್ನು ಇಲ್ಲಿಂದ ಹೋಗುವವರು. ಸುಗ್ಗಿ ಮುಗಿದರೆ ತಾಂಡಾಗಳ ಲಂಬಾಣಿ ಕುಟುಂಬಗಳು ಮಂಗಳೂರು, ಗೋವಾ ಕಡೆ ದುಡಿಯಲು ಹೊರಡುತ್ತವೆ. ತಾಂಡಾದಲ್ಲಿ ಗೋರ್‌ಬೋಲಿ, ಸಂತೆಯಲ್ಲಿ ಕನ್ನಡ ಆಡುವವರು ಗೋವಾದಲ್ಲಿ ಕೊಂಕಣಿಯನ್ನೂ ಕಲಿಯುತ್ತಾರೆ. ಘಟ್ಟದ ಮೇಲಿನವರೆಂದು 'ಘಾಟಿ' ಎಂಬ ಹೀಯಾಳಿಕೆಯನ್ನೂ ನುಂಗುತ್ತಾರೆ. ನಮ್ಮ ಗಾದೆಯನ್ನು ನಮ್ಮವರ ಮೇಲೇ ಪ್ರಯೋಗಿಸುವ ಜಾಗ ಅದು.

ಆ ಗೋವಾದೊಂದಿಗೇ ನಮಗೆ ನೀರಿನ ವ್ಯಾಜ್ಯ. ಮಹದಾಯಿ ನೀರು ಮಲಪ್ರಭೆಗೆ ಬರಲಿ ಎಂದು 2015ರಲ್ಲಿ ನರಗುಂದದಲ್ಲಿ ಧರಣಿ ಕೂತರು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ನರಗುಂದದ ಬೇಡಿಕೆ ನ್ಯಾಯವಾದದ್ದೇ. ಆದರೆ ಘಟ್ಟದ ಎರಡೂ ಬದಿಯಲ್ಲಿ 'ನಮ್ಮ ನೀರು' ಎಂದು ಗುಡುಗುವ ಭಾಷಣಕಾರರು ಗೋವಾದ ನಲ್ಲಿಯ ಮುಂದೆ ಸರದಿ ನಿಂತ ಗಜೇಂದ್ರಗಡದ ಹೆಣ್ಣುಮಗಳನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ನೀನು ಯಾವ ಕಡೆ ಎಂದು ಕೇಳಿದರೆ, "ತಡೀರಿ, ಮೊದಲ ಕೊಡ ತುಂಬಲಿ" ಅಂದಾಳು.