ಮುಚ್ಚಿಟ್ಟ ಜ್ವರ: ಒಂದು ಧರ್ಮವಿಚಾರ

ತಾಯಿಯೊಬ್ಬಳು ಮುಂಜಾನೆ ಮಗನ ಹಣೆ ಮುಟ್ಟಿ ನೋಡುತ್ತಾಳೆ. ಮೈ ಸುಡುತ್ತಿದೆ. ಜ್ವರದ ಮಾತ್ರೆಯೊಂದನ್ನು ನುಂಗಿಸುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ಬೆವರು ಬಿಟ್ಟು ಮೈ ತಣ್ಣಗಾಗುತ್ತದೆ. ತಲೆ ಬಾಚಿ, ಮುಖಗವಸು ಕಟ್ಟಿ, ಶಾಲೆಗೆ ಕಳುಹಿಸಿ ತಾನು ಕೂಲಿಗೆ ಹೊರಡುತ್ತಾಳೆ. ಶಾಲೆಯ ಬಾಗಿಲಲ್ಲಿ ಶಿಕ್ಷಕರು ಹಣೆಗೆ ಹಿಡಿದ ಉಷ್ಣಮಾಪಕವು ಯಾವ ದೋಷವನ್ನೂ ತೋರಿಸುವುದಿಲ್ಲ. ಇದರಲ್ಲಿ ತಪ್ಪು ಉಂಟೆ? ಉಂಟಾದರೆ ಅದು ಯಾರ ತಪ್ಪು?

ಇದು ಕಲ್ಪಿಸಿಕೊಂಡ ಪ್ರಶ್ನೆಯಲ್ಲ. 2022ರ ಜನವರಿಯಲ್ಲಿ, ಕೊರೋನಾದ ಮೂರನೆಯ ಅಲೆ ಏರುತ್ತಿದ್ದಾಗ, ನಮ್ಮ ಮಠದ ಪ್ರೌಢಶಾಲೆಯಲ್ಲಿ ಎದುರಾದದ್ದು. ಬೆಂಗಳೂರಿನಲ್ಲಿ ಆಗ ತರಗತಿಗಳು ಮತ್ತೆ ನಿಂತಿದ್ದವು; ನಮ್ಮ ಊರಿನ ಶಾಲೆ ತೆರೆದಿತ್ತು. ಎಂಟನೆಯ ತರಗತಿಯ ಬಾಲಕನೊಬ್ಬ ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ನಡುಗುತ್ತ ಕುಳಿತದ್ದನ್ನು ಅಡುಗೆಯವರು ಕಂಡರು. ಮಾತ್ರೆಯ ಬಲ ಇಳಿದಿತ್ತು. ತಾಯಿಯನ್ನು ಕರೆಸಿದೆವು. ಮೆಣಸಿನಕಾಯಿ ಬಿಡಿಸುವ ಹೊಲದಿಂದ ಆಕೆ ಹಾಗೆಯೇ ಎದ್ದು ಬಂದಳು.

“ಅಪ್ಪಾರ, ಮುಂಜಾನೆ ಮೈ ಸುಡ್ತಿತ್ತು ಖರೇರಿ. ಅವನ ಸಂಗಡ ನಾ ಮನ್ಯಾಗ ಕುಂತ್ರ ಆ ದಿನದ ಕೂಲಿ ಹೋಗ್ತದ. ಸಾಲಿಗೆ ಬಂದ್ರ ಮಧ್ಯಾಹ್ನ ಬಿಸಿ ಅನ್ನರ ಉಣ್ತಾನ” ಎಂದಳು.

ನಾವು ಆಕೆಯನ್ನು ಎಲ್ಲರೆದುರು ಗದರಿಸಿದೆವು. ಒಬ್ಬನಿಗಾಗಿ ನೂರು ಮಕ್ಕಳನ್ನು ಅಪಾಯಕ್ಕೆ ಒಡ್ಡುವುದು ತಾಯ್ತನವೇ ಎಂದು ಕೇಳಿದೆವು. ಮಾತು ಸರಿಯಾಗಿಯೇ ಇತ್ತು, ಅಥವಾ ಆಗ ಸರಿಯೆಂದು ತೋರಿತ್ತು. ಆಕೆ ತಲೆ ತಗ್ಗಿಸಿ ಮಗನ ಕೈ ಹಿಡಿದು ಹೊರಟುಹೋದಳು. ಮರುದಿನದಿಂದ ಒಂದು ವಾರದವರೆಗೆ ಯಾವ ಮನೆಯಿಂದಲೂ ಜ್ವರದ ಸುದ್ದಿ ಬರಲಿಲ್ಲ. ಹಾಜರಿ ಪುಸ್ತಕ ತುಂಬಿತ್ತು. ಮುಖ್ಯೋಪಾಧ್ಯಾಯರು ಸಂತೋಷಪಟ್ಟರು, ನಮಗೆ ಮಾತ್ರ ಆ ತುಂಬಿದ ಹಾಜರಿಯನ್ನು ಕಂಡು ಭಯವಾಯಿತು. ಊರೆಲ್ಲ ಕೆಮ್ಮುತ್ತಿರುವಾಗ ಶಾಲೆಯೊಂದೇ ಆರೋಗ್ಯವಾಗಿರಲು ಸಾಧ್ಯವೆ? ಮುಂದಿನ ವಾರ ಅದೇ ತರಗತಿಯ ಹಲವು ಮಕ್ಕಳೂ ಇಬ್ಬರು ಶಿಕ್ಷಕರೂ ಒಟ್ಟಿಗೆ ಹಾಸಿಗೆ ಹಿಡಿದರು.

ರೋಗ ತಡೆಯಲು ಶಾಲೆಗಳು ಕೈಗೊಂಡ ಕ್ರಮಗಳನ್ನು ಓದುಗರು ಬಲ್ಲರು. ಆದರೆ ಅವುಗಳಲ್ಲಿ ಎರಡು ಜಾತಿಯುಂಟೆಂಬುದು ನಮಗೆ ಆ ದಿನಗಳಲ್ಲಿಯೇ ಹೊಳೆದದ್ದು. ಕಿಟಕಿ ತೆರೆದಿಡುವುದು ಒಂದು ಜಾತಿಯದು. ಈ ರೋಗಾಣು ಉಸಿರಿನ ಸಂಗಡ ಹೊರಬಿದ್ದು ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲುತ್ತ ನಿಲ್ಲುತ್ತದೆ. ಎದುರುಬದುರಿನ ಎರಡು ಕಿಟಕಿಗಳು ತೆರೆದಿದ್ದರೆ ಗಾಳಿಯೇ ಅದನ್ನು ಹೊತ್ತೊಯ್ಯುತ್ತದೆ. ಕೋಣೆಯೊಳಗೆ ಯಾರಿಗೆ ಸೋಂಕಿದೆ ಎಂದು ಗಾಳಿಗೆ ತಿಳಿಯಬೇಕಾಗಿಲ್ಲ. ಸಾಬೂನಿನಿಂದ ಕೈ ತೊಳೆಯುವುದೂ ಹಾಗೆಯೇ: ರೋಗಾಣುವಿನ ಮೇಲಿರುವ ಕೊಬ್ಬಿನ ಹೊದಿಕೆಯನ್ನು ಸಾಬೂನು ಕರಗಿಸುತ್ತದೆ, ಕೈ ಯಾರದೆಂದು ಕೇಳುವುದಿಲ್ಲ. ಮುಖಗವಸು, ಬೆಂಚುಗಳ ನಡುವಿನ ಅಂತರ, ಆ ಜನವರಿ 3ರಿಂದ ಹದಿನೈದು ವರ್ಷ ತುಂಬಿದವರಿಗೆ ಹಾಕತೊಡಗಿದ್ದ ಲಸಿಕೆ, ಇವೆಲ್ಲ ಈ ಜಾತಿಗೇ ಸೇರಿದವು. ಇವು ಯಾರ ಪ್ರಾಮಾಣಿಕತೆಯನ್ನೂ ನೆಚ್ಚಿಕೊಂಡಿಲ್ಲ.

ಇನ್ನೊಂದು ಜಾತಿಯಲ್ಲಿ ಇರುವುದು ಒಂದೇ ಕ್ರಮ: ಅಸ್ವಸ್ಥವಾದ ಮಗುವನ್ನು ಮನೆಯಲ್ಲಿ ಇರಿಸಿಕೊಂಡು ಶಾಲೆಗೆ ತಿಳಿಸುವುದು. ಇದು ಪೂರ್ಣವಾಗಿ ಮನೆಯವರ ಸತ್ಯದ ಮೇಲೆ ನಿಂತಿದೆ. ಉಷ್ಣಮಾಪಕದಿಂದ ಇದು ನೆರವೇರುತ್ತದೆಂದು ನಾವು ನಂಬಿದ್ದು ಅಜ್ಞಾನ. ಲಕ್ಷಣಗಳು ತೋರುವ ಒಂದೆರಡು ದಿನ ಮೊದಲೇ ಸೋಂಕು ಹರಡಬಲ್ಲದು; ಎಷ್ಟೋ ಮಕ್ಕಳಲ್ಲಿ ಜ್ವರವೇ ಕಾಣಿಸಿಕೊಳ್ಳುವುದಿಲ್ಲ; ಕಾಣಿಸಿಕೊಂಡ ಜ್ವರವನ್ನೂ ಒಂದು ಮಾತ್ರೆ ಇಳಿಸುತ್ತದೆ, ಸೋಂಕನ್ನು ಇಳಿಸುವುದಿಲ್ಲ. ರಾತ್ರಿ ಯಾರು ಕೆಮ್ಮಿದರು, ಅಜ್ಜನಿಗೆ ಬಾಯಿರುಚಿ ಹೋಗಿದೆಯೆ, ಮಗು ಉಣ್ಣದೆ ಮಲಗಿತೆ ಎಂಬುದನ್ನು ಬಲ್ಲವಳು ತಾಯಿಯೊಬ್ಬಳೇ.

ಆದ್ದರಿಂದ ಆಕೆ ಮರೆಮಾಚಿದ್ದು ಅಲ್ಪ ದೋಷವಲ್ಲ. ಜರ್ಮನಿಯ ದಾರ್ಶನಿಕ ಕಾಂಟನು ನಮ್ಮ ನಡತೆಗೆ ಒಂದು ಒರೆಗಲ್ಲನ್ನು ಕೊಟ್ಟಿದ್ದಾನೆ: ನೀನು ಅನುಸರಿಸುವ ನಿಯಮವನ್ನು ಎಲ್ಲರೂ ಅನುಸರಿಸಲೆಂದು ನೀನು ಬಯಸಬಲ್ಲೆಯಾ? ಈ ತಾಯಿ ಬಯಸಲಾರಳು. ಉಳಿದವರೆಲ್ಲ ತಮ್ಮ ಮಕ್ಕಳ ಜ್ವರವನ್ನು ಮುಚ್ಚಿಟ್ಟು ಕಳುಹಿಸಿದರೆ ಆ ಕೋಣೆಯಲ್ಲಿ ಕೂರುವವನು ಆಕೆಯ ಮಗನೇ ಅಲ್ಲವೆ? ಮಗುವಿಗೆ ರೋಗ ಹಗುರವಾಗಿ ಬಂದು ಹೋದರೂ ಸಂಜೆ ಅದು ಮರಳುವುದು ಮುದುಕರಿರುವ ಮನೆಗೆ. ಈ ರೋಗದಿಂದ ನಮ್ಮ ದೇಶದಲ್ಲಿ ಮೊದಲು ಅಳಿದವರು, 2020ರ ಮಾರ್ಚ್‌ನಲ್ಲಿ, ಕಲಬುರಗಿಯ 76 ವರ್ಷದ ವೃದ್ಧರು. ಕಾಣದ ಮನೆಯ ಕಾಣದ ಅಜ್ಜಿಗೆ ಮಾಡಿದ ಹಿಂಸೆಯೂ ಹಿಂಸೆಯೇ. ಮಾಡಿದವರಿಗೆ ಅದು ಎಂದಿಗೂ ತಿಳಿಯದೆ ಹೋಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ತರ್ಕವನ್ನು ಇಲ್ಲಿಗೆ ನಿಲ್ಲಿಸಿದ್ದರೆ ನಮ್ಮ ಗದರಿಕೆಯೇ ಧರ್ಮವಾಗುತ್ತಿತ್ತು. ಆದರೆ ಕಾಂಟನು ಎಂದೂ ದಿನಗೂಲಿಗೆ ಹೋದವನಲ್ಲ. ಸತ್ಯ ನುಡಿದರೆ ಅನ್ನ ಹೋಗುವ ಸ್ಥಿತಿಯಲ್ಲಿ ಒಬ್ಬರನ್ನು ನಿಲ್ಲಿಸಿ, ಆಮೇಲೆ ಸತ್ಯ ನುಡಿಯಲಿಲ್ಲವೆಂದು ಜರೆಯುವವರ ಪಾಲು ಎಷ್ಟು? ಆ ತಾಯಿಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಿರಿ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಬಿಸಿಯೂಟವೂ ನಿಂತಿತು. ಪಡಿ ಧಾನ್ಯ ಕೊಟ್ಟರೂ ಅದನ್ನು ಬೇಯಿಸಿ ಹೊತ್ತಿಗೆ ಬಡಿಸುವವರು ಮನೆಯಲ್ಲಿ ಇರಬೇಕಷ್ಟೆ. ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಹೇಳಿದ ವಿದ್ಯಾಗಮ ಯೋಜನೆ ಆ ವರ್ಷದ ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ನಿಂತುಹೋಯಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಹೊಸ್ತಿಲು ತುಳಿದದ್ದು 2021ರ ಅಕ್ಟೋಬರ್ 25ರಂದು, ಅಂದರೆ ಸುಮಾರು ಹತ್ತೊಂಬತ್ತು ತಿಂಗಳ ಮೇಲೆ. ಇಷ್ಟೆಲ್ಲ ಕಳೆದುಕೊಂಡು ಬಂದ ಮನೆಯವಳಿಗೆ ಶಾಲೆಯ ಒಂದು ದಿನವೆಂದರೆ ಎಷ್ಟು ಬೆಲೆಯದೆಂಬುದು ಪೀಠದ ಮೇಲೆ ಕುಳಿತವರಿಗೆ ಬೇಗನೆ ತಿಳಿಯುವುದಿಲ್ಲ.

ಅನ್ನದಷ್ಟೇ ದೊಡ್ಡದು ಅವಮಾನದ ಭಯ. ಮೊದಲ ಅಲೆಯಲ್ಲಿ ಹೊರಗಿನಿಂದ ಬಂದವರ ಕೈಮೇಲೆ ಮುದ್ರೆಯೊತ್ತಿದರು; ಮನೆಯ ಬಾಗಿಲಿಗೆ ಚೀಟಿ ಅಂಟಿಸಿದರು; ಬೀದಿಗೆ ಅಡ್ಡ ಕಟ್ಟಿದರು. ಅವುಗಳಲ್ಲಿ ಕೆಲವು ಆಗ ಅಗತ್ಯವಾಗಿಯೇ ಇದ್ದಿರಬಹುದು. ಆದರೆ ಜನ ಕಲಿತ ಪಾಠ ಬೇರೆ: ಜ್ವರ ಬಂದದ್ದು ಹೊರಗೆ ಗೊತ್ತಾದರೆ ಗುರುತು ಬೀಳುತ್ತದೆ. ಗುಣವಾಗಿ ತಿಂಗಳು ಕಳೆದರೂ ಆ ಮನೆಯ ನೀರು ಮುಟ್ಟದವರನ್ನು ನಾವು ಕಂಡಿದ್ದೇವೆ. ಇನ್ನೊಂದೆಡೆ ಮಠಕ್ಕೆ ಬಂದು, “ನಮಗೆ ಸೂತಕವೇ ಇಲ್ಲವಲ್ಲ ಬುದ್ಧೀ, ಅಂತರ ಯಾತಕ್ಕೆ?” ಎಂದು ವಾದಿಸಿದ ಹಿರಿಯರೂ ಉಂಟು.

ಎರಡೂ ತಪ್ಪು. ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಅಲ್ಲಗಳೆದದ್ದು ನಿಜ. ಸೂತಕವು ಮನುಷ್ಯನ ಮೇಲೆ ಹೊರಿಸುವ ತೀರ್ಪು. ನೀನು ಕೀಳು, ನೀನು ಮೈಲಿಗೆ ಎಂದು ಅದು ನುಡಿಯುತ್ತದೆ. ರೋಗದ ಅಂತರವು ಯಾರ ಮೇಲೂ ತೀರ್ಪು ಕೊಡುವುದಿಲ್ಲ. ಅದು ಉಸಿರಿಗೆ ಸಂಬಂಧಿಸಿದ್ದು. ಎಣಿಸಿದ ದಿನಗಳಲ್ಲಿ ಮುಗಿಯುವಂಥದು. ಮುಗಿದ ಮೇಲೆ ಯಾವ ಶುದ್ಧಿಯನ್ನೂ ಬೇಡದು. ಸ್ವಾಮಿಗೂ ಅದೇ, ಜಾಡಮಾಲಿಗೂ ಅದೇ. 2021ರ ಏಪ್ರಿಲ್‌ನಲ್ಲಿ ನಾವೇ ಹದಿನಾಲ್ಕು ದಿನ ಒಂದು ಕೋಣೆಯಲ್ಲಿದ್ದು, ಹೊಸ್ತಿಲ ಹೊರಗಿಟ್ಟ ಪ್ರಸಾದವನ್ನು ತೆಗೆದುಕೊಂಡೆವು. ಯಾರೂ ನಮ್ಮನ್ನು ಮೈಲಿಗೆ ಎನ್ನಲಿಲ್ಲ. ಆ ಗೌರವ ಮೆಣಸಿನಕಾಯಿ ಹೊಲದ ತಾಯಿಗೆ ದೊರೆಯುವುದೆಂದು ಖಚಿತವಾಗಿದ್ದರೆ ಆಕೆ ಮಾತ್ರೆ ನುಂಗಿಸಿ ಕಳುಹಿಸುತ್ತಿದ್ದಳೆ?

ಬಲದಿಂದ ಸತ್ಯವನ್ನು ಹೊರಗೆಳೆಯಬಹುದೆಂಬ ಭ್ರಮೆ ಹಳೆಯದು. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಸರಕಾರವು ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿತು. ಜನ ರೋಗಿಗಳನ್ನು ಅಡಗಿಸಿಟ್ಟರು. ಅಧಿಕಾರಿ ರ್‍ಯಾಂಡನು ಆ ಜೂನ್ 22ರ ರಾತ್ರಿ ಚಾಪೇಕರ್ ಸೋದರರ ಗುಂಡಿಗೆ ಗುರಿಯಾದನು. ಅದೇ ಪ್ಲೇಗು ಮುಂದಿನ ವರ್ಷ ಹುಬ್ಬಳ್ಳಿ, ಬೆಂಗಳೂರುಗಳಿಗೆ ಬಂತು. ನಮ್ಮ ಕಡೆಯ ಹಳ್ಳಿಗರು ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ಅಲ್ಲಿ ಎಲ್ಲರೂ ಒಟ್ಟಿಗೆ ಊರು ಬಿಟ್ಟಿದ್ದರು. ಒಂದು ಮನೆಯನ್ನು ಬೆರಳು ಮಾಡಿ ತೋರಿಸುವ ಪ್ರಮೇಯವಿರಲಿಲ್ಲ.

ಶಿಕ್ಷಕರು ಹಾಸಿಗೆ ಹಿಡಿದ ವಾರದ ಕೊನೆಯಲ್ಲಿ ಪಾಲಕರನ್ನು ಶಾಲೆಯ ಅಂಗಳದಲ್ಲಿ ದೂರ ದೂರ ಕುಳ್ಳಿರಿಸಿ, ಆ ತಾಯಿಯನ್ನು ಎಲ್ಲರೆದುರು ಗದರಿಸಿದ್ದು ನಮ್ಮ ತಪ್ಪೆಂದು ಎಲ್ಲರೆದುರೇ ಒಪ್ಪಿಕೊಂಡೆವು. ಆಕೆ ಸಭೆಗೆ ಬಂದಿರಲಿಲ್ಲ. ಮನೆಗೇ ಹೋಗಿ ಹೇಳಬೇಕಾಯಿತು. ಬಳಿಕ ಕೆಲವು ಏರ್ಪಾಡು ಮಾಡಿದೆವು. ಜ್ವರವೆಂದು ತಿಳಿಸಿದ ಮನೆಗೆ ಮಠದ ದಾಸೋಹದಿಂದ ಎರಡು ಹೊತ್ತಿನ ಬುತ್ತಿ ಹೋಗುವುದು, ಒಬ್ಬರಿಗಲ್ಲ, ಮನೆಯವರೆಲ್ಲರಿಗೆ. ಹಾಜರಿ ಪುಸ್ತಕದಲ್ಲಿ ರಜೆಯೆಂದಷ್ಟೇ ಬರೆಯುವುದು, ಕಾರಣ ಬರೆಯಕೂಡದು. ತಪ್ಪಿದ ಪಾಠವನ್ನು ಮರಳಿ ಬಂದ ಮೇಲೆ ಸಂಜೆ ಹೇಳಿಕೊಡುವುದು. ತರಗತಿಯಲ್ಲಿ ಅವನನ್ನು ಯಾರಾದರೂ ಅಡ್ಡಹೆಸರಿನಿಂದ ಕರೆದರೆ ಶಿಕ್ಷಕರು ನಮ್ಮಲ್ಲಿಗೆ ಕಳುಹಿಸುವುದು.

ಮೊದಲ ದಿನ ಒಂದು ಮನೆಯವರು ತಿಳಿಸಿದರು. ಮೂರನೆಯ ದಿನಕ್ಕೆ ಬುತ್ತಿ ಹೊರುವ ಹುಡುಗರು ಸಾಲದಾದರು. ಗಣಿತದ ಪರೀಕ್ಷೆಯ ದಿನ ಬಂದ ಕೆಲವು ಜ್ವರಗಳ ವಿಷಯದಲ್ಲಿ ನಮಗೆ ಸಂದೇಹವಿತ್ತು. ಆ ಮನೆಗಳಿಗೂ ಬುತ್ತಿ ಕಳುಹಿಸಿದೆವು. ಸುಳ್ಳು ಜ್ವರಕ್ಕೆ ಮಠದ ಒಂದು ಊಟ ಖರ್ಚಾಗುತ್ತದೆ. ಮುಚ್ಚಿಟ್ಟ ಜ್ವರದ ಖರ್ಚನ್ನು ಮಠ ಭರಿಸಲಾರದು.

ಓದುಗರಲ್ಲಿ ಶಾಲೆ ನಡೆಸುವವರಿದ್ದರೆ ಅವರಿಗೆ ಒಂದು ಮಾತು. ಮಳೆಗಾಲದ ನೆಗಡಿಜ್ವರಕ್ಕೂ ಕೆಪ್ಪಟರಾಯನ ಬಾವಿಗೂ ಇದೇ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಪಾಲಕರಿಗೆ ಸೂಚನಾಪತ್ರ ಅಚ್ಚು ಹಾಕಿಸುವ ಮುನ್ನ, ಆ ಸೂಚನೆಯನ್ನು ಪಾಲಿಸಿದರೆ ಅತಿ ಬಡ ಮನೆ ಅಂದು ಏನನ್ನು ಕಳೆದುಕೊಳ್ಳುತ್ತದೆ ಎಂದು ಕೇಳಿಕೊಳ್ಳಿರಿ.

ನಾವು ಕೇಳಿಕೊಂಡಾಗ ದೊರೆತ ಉತ್ತರ ಪೂರ್ಣವಾಗಿ ಸಮಾಧಾನಕರವಲ್ಲ. ಅನ್ನಕ್ಕೆ ದಾರಿಯಾಯಿತು, ಮಾನಕ್ಕೂ ಸ್ವಲ್ಪಮಟ್ಟಿಗೆ ಆಯಿತು. ಆ ಫೆಬ್ರವರಿಯಲ್ಲಿ ಅದೇ ತಾಯಿಯ ಕಿರಿಯ ಮಗಳಿಗೆ ಜ್ವರ ಬಂದಾಗ ಆಕೆ ತಾನಾಗಿಯೇ ಹೇಳಿಕಳುಹಿಸಿದಳು, ನಾಲ್ಕು ದಿನ ಮನೆಯಲ್ಲಿ ಉಳಿದಳು. ಬುತ್ತಿ ತಪ್ಪದೆ ಹೋಯಿತು. ಆ ನಾಲ್ಕು ದಿನದ ಕೂಲಿ ಮಾತ್ರ ಆಕೆಗೆ ಸಿಗಲಿಲ್ಲ, ಅದನ್ನು ತುಂಬಿಕೊಡುವ ಏರ್ಪಾಡು ನಮ್ಮಲ್ಲಿ ಇಂದಿಗೂ ಆಗಿಲ್ಲ.