ಹಂದರದ ಮೂಲವನ್ನು ಹೇಳಬೇಕೆ?

ಪೆನುಕೊಂಡದ ಬೆಟ್ಟದ ತಪ್ಪಲಲ್ಲಿ ನಡೆದುಬಂದವರು ಪಾರ್ಶ್ವನಾಥನ ಬಸದಿಯನ್ನೂ, ಷೇರ್ ಖಾನನ ಮಸೀದಿಯನ್ನೂ, ಬಾಬಯ್ಯನ ದರ್ಗಾವನ್ನೂ, ರಾಮ ಮತ್ತು ಶಿವರ ಗುಡಿಗಳನ್ನೂ ಕಂಡಿರುತ್ತಾರೆ. ಊಟದಲ್ಲಿ, ಮಡಿಯಲ್ಲಿ, ನಿಷೇಧದಲ್ಲಿ ಇಲ್ಲಿ ಒಬ್ಬೊಬ್ಬರದು ಒಂದೊಂದು ಕಟ್ಟಳೆ; ಆದರೆ ಕಾಯಿಲೆ ಬಂದಾಗ ಎಲ್ಲರೂ ತಟ್ಟುವ ಬಾಗಿಲು ಒಂದೇ. ಅಂಥ ಊರಿನವರಾದ ನಮ್ಮ ಮುಂದೆ ವೈದ್ಯಶಾಸ್ತ್ರದ ಒಂದು ಹೊಸ ವಿದ್ಯೆಯು ಹಳೆಯ ಪ್ರಶ್ನೆಯೊಂದನ್ನು ಇಡುತ್ತಿದೆ: ಒಳಿತನ್ನು ಮಾಡುವವನು ಸತ್ಯವನ್ನು ಮರೆಮಾಡಬಹುದೆ?

ಮೊದಲು ಆ ವಿದ್ಯೆಯ ಸ್ವರೂಪವನ್ನು ತಿಳಿಯೋಣ. ಮಾಂಸಖಂಡಕ್ಕೆ ಸಣ್ಣ ಪೆಟ್ಟಾದರೆ ಅದು ತಾನಾಗಿಯೇ ಕೂಡಿಕೊಳ್ಳುತ್ತದೆ. ಅದರ ಎಳೆಗಳ ಅಂಚಿನಲ್ಲಿ ಒಂದು ಬಗೆಯ ಜೀವಕೋಶಗಳು ಸುಪ್ತವಾಗಿರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಇವನ್ನು ಗುರುತಿಸಿದರು. ಪೆಟ್ಟು ಬಿದ್ದಾಗ ಇವು ಎಚ್ಚತ್ತು ಹೊಸ ಎಳೆಗಳನ್ನು ಕಟ್ಟುತ್ತವೆ. ಆದರೆ ಯುದ್ಧದಲ್ಲಿಯೋ ಹೆದ್ದಾರಿಯ ಅಪಘಾತದಲ್ಲಿಯೋ ತೊಡೆಯ ದೊಡ್ಡ ಭಾಗವೇ ಹರಿದುಹೋದರೆ ಅವುಗಳಿಗೆ ಹಬ್ಬಲು ಆಧಾರ ಉಳಿಯುವುದಿಲ್ಲ. ಆ ಬರಿದಾದ ಸ್ಥಳವನ್ನು ಬಿರುಸಾದ ನಾರು ತುಂಬಿಕೊಳ್ಳುತ್ತದೆ; ಗಾಯ ಮುಚ್ಚುತ್ತದೆಯೇ ಹೊರತು ಕಾಲಿಗೆ ಬಲ ಬರುವುದಿಲ್ಲ.

ಅವರೆಬಳ್ಳಿಗೆ ಹಂದರ ಹಾಕುವಂತೆ ಈ ಕೋಶಗಳಿಗೂ ಹಂದರ ಹಾಕುವುದೇ ಹೊಸ ವಿದ್ಯೆ. ಪ್ರಾಣಿಯ ಅಂಗವೊಂದರಿಂದ ಜೀವಕೋಶಗಳನ್ನು ತೊಳೆದು ತೆಗೆದು, ಉಳಿದ ನಾರಿನ ಬಲೆಯನ್ನು ಗಾಯದಲ್ಲಿ ಇರಿಸುತ್ತಾರೆ. ಬಲೆಯು ಕ್ರಮೇಣ ಕರಗುತ್ತ ದೇಹದ ಸ್ವಂತ ಕೋಶಗಳನ್ನು ಅಲ್ಲಿಗೆ ಸೆಳೆಯುತ್ತದೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಸ್ಟೀಫನ್ ಬ್ಯಾಡಿಲಾಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಳಸಿದ್ದು ಹಂದಿಯ ಮೂತ್ರಕೋಶದ ಬಲೆ. ಐವರು ರೋಗಿಗಳಲ್ಲಿ ಮೂವರಿಗೆ ಗಣನೀಯವಾದ ಗುಣ ಕಂಡಿತು. ನಮ್ಮ ದೇಶದಲ್ಲಿಯೂ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ಹಂದಿಯ ಪಿತ್ತಕೋಶದಿಂದ ಇಂಥ ಹಂದರವನ್ನು ಸಿದ್ಧಪಡಿಸಿದೆ. ಅದಕ್ಕೆ 2023ರಲ್ಲಿ ಸರ್ಕಾರದ ಒಪ್ಪಿಗೆ ದೊರೆತಿದೆ. ಅದು ಮಾಂಸಖಂಡಕ್ಕಲ್ಲ, ಚರ್ಮದ ಗಾಯಕ್ಕೆ.

ಪ್ರಶ್ನೆ ಹುಟ್ಟುವುದು ಇಲ್ಲಿಯೇ. "ಬಲೆಯಲ್ಲಿ ಪ್ರಾಣಿಯ ಜೀವಕೋಶಗಳಿಲ್ಲ, ಬಲೆಯೂ ಕರಗಿಹೋಗುತ್ತದೆ. ಮೂಲವನ್ನು ಹೇಳಿದರೆ ರೋಗಿಯು ನಿರಾಕರಿಸಿ ಕುಂಟನಾಗಿಯೇ ಉಳಿದಾನು. ಹೇಳದಿರುವುದೇ ದಯೆ" ಎಂದು ಒಬ್ಬ ವೈದ್ಯನು ವಾದಿಸಬಹುದು. ಈ ವಾದವನ್ನು ಹಗುರವಾಗಿ ಕಾಣುವುದು ಸಲ್ಲದು. ಕೂಲಿಯವನ ಕಾಲು ಬಿದ್ದುಹೋದರೆ ಅವನ ಮನೆಯ ಒಲೆಯೂ ಆರುತ್ತದೆ.

ಆದರೂ ನಾವು ಇದನ್ನು ಒಪ್ಪಲಾರೆವು. ಐವರಲ್ಲಿ ಇಬ್ಬರಿಗೆ ಅಷ್ಟು ಗುಣ ಕಾಣಲಿಲ್ಲವೆಂಬುದನ್ನು ನೆನೆದರೆ, ಮೌನಕ್ಕೆ ಆಧಾರವಾದ ಒಳಿತೇ ನಿಶ್ಚಿತವಲ್ಲವೆಂದು ತಿಳಿಯುತ್ತದೆ. ಇನ್ನೂ ಮುಖ್ಯವಾದ ಮಾತೊಂದಿದೆ. ಪಿಟ್ಸ್‌ಬರ್ಗಿನ ರೋಗಿಗಳು ಶಸ್ತ್ರಚಿಕಿತ್ಸೆಗೆ ಮುಂಚೆಯೂ, ಅದಾದ ಒಂದೆರಡು ದಿನಗಳಲ್ಲಿಯೇ ಮತ್ತೆಯೂ ವ್ಯಾಯಾಮದಲ್ಲಿ ತೊಡಗಬೇಕಾಯಿತು. ದುಡಿಯದ ಕಾಲಿಗೆ ಹಂದರವೊಂದರಿಂದಲೇ ಬಲ ಬಾರದು. ಹೀಗೆ ನೋವನ್ನು ಸಹಿಸಿ ದುಡಿಯಬೇಕಾದ ರೋಗಿಯು ಚಿಕಿತ್ಸೆಯಲ್ಲಿ ಪಾಲುಗಾರನೇ ಸರಿ. ಪಾಲುಗಾರನಿಂದ ಬಂಡವಾಳದ ಮೂಲವನ್ನು ಬಚ್ಚಿಡುವುದು ಯಾವ ನ್ಯಾಯ? ಸಂಕಟದಲ್ಲಿ ಇದು ಸಲ್ಲುವುದೆಂದು ಒಬ್ಬ ಮುಸಲ್ಮಾನನು ನಿರ್ಣಯಿಸಬಹುದು. ಹಿಂಸೆಯ ಫಲ ಬೇಡವೆಂದು ಒಬ್ಬ ಜೈನನು ನಿರ್ಣಯಿಸಬಹುದು. ಇದಕ್ಕೆ ತದ್ವಿರುದ್ಧವೂ ಆಗಬಹುದು. ಯಾವುದಾದರೂ ಆ ನಿರ್ಣಯ ಅವರದೇ.

ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ಮಾರ್ಗಗಳು ಇವನ್ನೆಲ್ಲ ತಿಳಿಸಿಯೇ ಸಮ್ಮತಿ ಪಡೆಯಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2008ರ ತೀರ್ಪೊಂದರಲ್ಲಿ ಹೇಳಿದೆ. ಆದರೆ ಇಂಗ್ಲಿಷಿನ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ತಿಳಿಸಿದಂತಾಯಿತೆ? ಈ ಗಡಿನಾಡಿನ ರೋಗಿಗೆ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ, ಅವನ ಮನೆಯ ಮಾತಿನಲ್ಲಿ ಹೇಳಿದಾಗಲೇ ಅದು ಹೇಳಿದಂತೆ.

ಉಪಾಧ್ಯಾಯರೇ, ಆ ಮಾತುಗಳನ್ನು ಸಿದ್ಧಪಡಿಸಬೇಕಾದವರು ನಾವು. ನಾಳೆ ವೈದ್ಯರಾಗುವವರೂ, ಅವರ ಮುಂದೆ ರೋಗಿಗಳಾಗಿ ಮಲಗುವವರೂ ಇಂದು ನಮ್ಮ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿದ್ದಾರೆ. ಕೋಶ, ಎಳೆ, ಹಂದರ ಎಂಬ ಮಾತುಗಳು ಇಬ್ಬರಿಗೂ ಈಗಲೇ ಸಮನಾಗಿ ತಿಳಿದಿದ್ದರೆ, ಅಂದು ಒಬ್ಬನಿಗೆ ಹೇಳುವುದು ಕಷ್ಟವಾಗದು, ಇನ್ನೊಬ್ಬನಿಗೆ ಕೇಳುವುದು ಭಯವಾಗದು.